ಒಂದೇ ಸಲ ಬಂದುಹೋದ ಮೋಟೋಜಿಪಿ

ಎಲ್ಲರಿಗೂ ನಮಸ್ಕಾರ. ಬೈಕ್ ಅಂದ್ರೆ ಪ್ರಾಣ ಬಿಡೋರು ನಿಮ್ಮನೇಲೂ ಒಬ್ರು ಇದ್ದೇ ಇರ್ತಾರೆ, ಅವ್ರನ್ನ ಸ್ವಲ್ಪ ರೇಡಿಯೋ ಹತ್ರ ಕರೀರಿ, ಇವತ್ತಿನ ಮಾತು 2023ರ ಸೆಪ್ಟೆಂಬರ್ 24, ಆ ಭಾನುವಾರದ್ದು.

ದೆಹಲಿ ಹತ್ರದ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಅನ್ನೋ ರೇಸ್ ಟ್ರ್ಯಾಕ್. 2011ರಿಂದ ಮೂರು ವರ್ಷ ಅಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ಓಡ್ತು, ಮೂರೂ ಸಲ ಜರ್ಮನಿಯ ವೆಟ್ಟೆಲ್ ಗೆದ್ರು, ಆಮೇಲೆ ಟ್ಯಾಕ್ಸ್ ತಕರಾರು ಅದು ಇದು ಅಂತ ನಿಂತೇ ಹೋಯ್ತು. ಹತ್ತು ವರ್ಷ ಆದ್ಮೇಲೆ ಅದೇ ಐದು ಕಿಲೋಮೀಟರ್ ಟ್ರ್ಯಾಕಿಗೆ ಮೋಟೋಜಿಪಿ, ಅಂದ್ರೆ ಬೈಕ್ ರೇಸಲ್ಲಿ ಪ್ರಪಂಚದ ಅತಿ ದೊಡ್ಡ ಸರಣಿ, ಬಂತು, ನಮ್ಮ ದೇಶಕ್ಕೆ ಮೊಟ್ಟಮೊದಲ ಸಲ. ಏಳು ವರ್ಷದ ಒಪ್ಪಂದ ಅಂದಿದ್ರು, ನಂಗಂತೂ ಹಬ್ಬ.

ಸೆಖೆ ಹೇಗಿತ್ತು ಅಂದ್ರೆ 24 ಲ್ಯಾಪ್ ಓಡ್ಬೇಕಾಗಿದ್ದ ರೇಸನ್ನ 21ಕ್ಕೆ ಇಳಿಸಿದ್ರು. ಕುತ್ತಿಗೆಯಿಂದ ಪಾದದವರೆಗೆ ದಪ್ಪ ಲೆದರ್ ಸೂಟು, ಕಾಲ್ಸಂದೀಲಿ ಕುದೀತಿರೋ ಇಂಜಿನ್ನು, ಸ್ಟ್ರೇಟಲ್ಲಿ ಗಂಟೆಗೆ ಮುನ್ನೂರು ಕಿಲೋಮೀಟರ್ ದಾಟೋ ಸ್ಪೀಡು, ಯೋಚ್ನೆ ಮಾಡಿ. ಇಟಲಿಯ ಮಾರ್ಕೊ ಬೆಜ಼ೆಕ್ಕಿ ಎಂಟು ಸೆಕೆಂಡಿಗೂ ಜಾಸ್ತಿ ಮುಂದೆ ಹೋಗಿ ಆರಾಮಾಗಿ ಗೆದ್ರು. ಹಿಂದಿನ ವರ್ಷದ ಚಾಂಪಿಯನ್ ಬಾನ್ಯಾಯ ಎರಡನೇ ಜಾಗದಲ್ಲಿದ್ದಾಗ ಜಾರಿ ಬಿದ್ರು. ನಂಗೆ ಕಣ್ಣಿಗೆ ಕಟ್ಟಿರೋದು ಮಾತ್ರ ಸ್ಪೇನಿನ ಹೋರ್ಹೆ ಮಾರ್ಟಿನ್, ಬೈಕ್ ಓಡ್ತಿರೋವಾಗ್ಲೇ ಎದೆ ಹತ್ರ ಸೂಟಿನ ಜಿಪ್ ಬಿಚ್ಕೊಂಡಿದೆ, ಅದನ್ನ ಎಳೀತಾ, ಹಿಂದೆ ಫ್ರಾನ್ಸಿನ ಕ್ವಾರ್ಟರಾರೋ ಬೆನ್ನು ಹತ್ತಿದಾರೆ ಅಂತ ಗೊತ್ತಿದ್ದೂ ಬಿಡ್ದೆ ಓಡ್ಸಿ, ಕೊನೇ ಲ್ಯಾಪಲ್ಲಿ ಒಂದ್ಸಲ ಜಾಗ ಕಳ್ಕೊಂಡು ಮತ್ತೆ ಕಿತ್ಕೊಂಡು ಎರಡನೇ ಸ್ಥಾನ ಉಳಿಸ್ಕೊಂಡ್ರು. ಬೈಕಿಂದ ಇಳಿದವ್ರೇ ನೀರಡಿಕೆಗೆ ನಿಲ್ಲೋಕಾಗ್ದೆ ಕುಸಿದ್ರು. ಟಿವಿ ಮುಂದೆ ಕೂತಿದ್ದ ನಂಗೂ ಗಂಟಲು ಒಣಗಿತ್ತು.

ಮುಂದಿನ ವರ್ಷ ಹೋಗೇ ಹೋಗ್ತೀನಿ, ದೆಹಲಿ ರೈಲಿಗೆ ಟಿಕೆಟ್ ಮಾಡಿಸ್ತೀನಿ ಅಂತ ಮನೇಲೆಲ್ಲಾ ಹೇಳ್ಬಿಟ್ಟಿದ್ದೆ. 2024ರದ್ದು ನಡೀಲೇ ಇಲ್ಲ.

ನನ್ನ ಸಂಕಟ ಏನಂದ್ರೆ, ನಮ್ಮಲ್ಲಿ ಓಡಿಸೋರಿಗೆ ಬರ ಇಲ್ಲ ಕಣ್ರೀ. ಮರಳುಗಾಡಲ್ಲಿ ದಿನಗಟ್ಟಲೆ ಓಡ್ಸೋ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವ್ರು, 2019ರಲ್ಲಿ ಬಾಜಾ ಅನ್ನೋ ಕಚ್ಚಾದಾರಿ ಬೈಕ್ ರೇಸಿನ ಹೆಂಗಸರ ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆನೂ ಬೆಂಗಳೂರಿನವ್ರೇ. ಇಬ್ರೂ ಹೆಸರು ಮಾಡಿದ್ದು ಮಣ್ಣಲ್ಲಿ, ಮರಳಲ್ಲಿ. ಡಾಂಬರು ಟ್ರ್ಯಾಕಲ್ಲಿ ಹಾಗೆ ಬೆಳೀಬೇಕಂದ್ರೆ ಹತ್ತು ವರ್ಷದ ಹುಡುಗಿ ಬೇಲಿ ಪಕ್ಕ ನಿಂತು ಆ ಸದ್ದನ್ನ ವರ್ಷ ವರ್ಷ ಕೇಳ್ಬೇಕು, ಒಂದೇ ವರ್ಷ ಅಲ್ಲ.

2024ರ ಸೆಪ್ಟೆಂಬರಲ್ಲಿ ನಮ್ದಾಗಿದ್ದ ಅದೇ ವಾರ ರೇಸ್ ಓಡಿದ್ದು ಇಟಲಿಯ ಮಿಸಾನೋದಲ್ಲಿ. ಅವತ್ತೂ ಟಿವಿ ಹಾಕಿದ್ದೆ.