‘ಸೂಪರ್‌ಹಾಟ್’: ಗುಂಡಿನ ಆಟದೊಳಗಿನ ಒಗಟು

ಮಾನ್ಯ ಸಭಿಕರೇ,

ಗುಂಡು ಹಾರಿಸಿ ಆಡುವ ವಿಡಿಯೊ ಗೇಮ್‌ಗಳಲ್ಲಿ, ಅಂದರೆ ಶೂಟರ್ ಆಟಗಳಲ್ಲಿ, ಸಾಮಾನ್ಯವಾಗಿ ಗೆಲ್ಲುವವನು ಎದುರಾಳಿಗಿಂತ ಮೊದಲು ಗುರಿಯಿಟ್ಟು ಗುಂಡು ಹಾರಿಸುವವನು. ಪೋಲೆಂಡಿನ ವುಚ್ ನಗರದ ಒಂದು ಚಿಕ್ಕ ತಂಡ ರೂಪಿಸಿದ ‘ಸೂಪರ್‌ಹಾಟ್’ ಈ ಕೈವೇಗದ ಮೇಲುಗೈಯನ್ನೇ ಇಲ್ಲವಾಗಿಸಿತು. ಏಳು ದಿನಗಳಲ್ಲಿ ಒಂದು ಶೂಟರ್ ಆಟ ಕಟ್ಟುವ ಸವಾಲಿಗಾಗಿ 2013ರಲ್ಲಿ ಹುಟ್ಟಿದ ಈ ಕಲ್ಪನೆಗೆ ಮರುವರ್ಷ ಕಿಕ್‌ಸ್ಟಾರ್ಟರ್ ಎಂಬ ವಂತಿಗೆ ಸಂಗ್ರಹದ ಜಾಲತಾಣದಲ್ಲಿ ಜನರಿಂದ ಸುಮಾರು 2.5 ಲಕ್ಷ ಡಾಲರ್ ಕೂಡಿಬಂತು. 2016ರ ಫೆಬ್ರವರಿಯಲ್ಲಿ ಪೂರ್ಣ ಆಟ ಬಿಡುಗಡೆಯಾಯಿತು.

ಇದರ ಮೂಲ ನಿಯಮ ಒಂದೇ: ನೀವು ಚಲಿಸಿದಾಗ ಮಾತ್ರ ಕಾಲ ಸಹಜ ವೇಗದಲ್ಲಿ ಚಲಿಸುತ್ತದೆ, ನಿಂತರೆ ಬಹುತೇಕ ನಿಲ್ಲುತ್ತದೆ. ಬಿಳಿಯ ಕೋಣೆ, ಕೆಂಪು ಗಾಜಿನಂಥ ಎದುರಾಳಿಗಳು, ಕೈಗೆ ಸಿಗಬಲ್ಲ ಕಪ್ಪು ವಸ್ತುಗಳು. ಲೆಕ್ಕಕ್ಕೆ ಬೇಕಾದದ್ದರ ಹೊರತು ಬೇರೇನೂ ಕಣ್ಣಿಗೆ ಬೀಳದಂತೆ ಈ ಬಣ್ಣಗಳನ್ನು ಆಯ್ದಿದ್ದಾರೆ. ಹಾರಿಬರುವ ಪ್ರತಿ ಗುಂಡಿನ ಹಿಂದೆಯೂ ಕೆಂಪು ಗೆರೆಯೊಂದು ಉಳಿಯುವುದರಿಂದ ಅದು ಎಲ್ಲಿಂದ ಬಂತು, ಎತ್ತ ಹೊರಟಿದೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಒಂದು ಗುಂಡು ತಗುಲಿದರೆ ನೀವು ಸತ್ತಂತೆಯೇ, ಆ ಹಂತವನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕು.

ಒಂದು ಸಂದರ್ಭವನ್ನು ನೋಡೋಣ. ನಿಮ್ಮ ಕೈ ಬರಿದಾಗಿದೆ, ಎದುರಿನವನು ಗುಂಡು ಹಾರಿಸಿಯಾಗಿದೆ, ಪಕ್ಕದ ಬಾಗಿಲಿನಿಂದ ಮತ್ತೊಬ್ಬ ಬರುತ್ತಿದ್ದಾನೆ. ಒಂದು ಹೆಜ್ಜೆ ಸರಿದು, ಮೇಜಿನ ಮೇಲಿರುವ ವಸ್ತುವನ್ನು ಎತ್ತಿ ಮೊದಲನೆಯವನತ್ತ ಎಸೆದರೆ, ಆ ಪೆಟ್ಟು ಬಿದ್ದು ಅವನ ಪಿಸ್ತೂಲು ಕೈಜಾರಿ ಗಾಳಿಗೆ ಚಿಮ್ಮುತ್ತದೆ. ಅದನ್ನು ನಡುವೆಯೇ ಹಿಡಿದು ಎರಡನೆಯವನತ್ತ ತಿರುಗಬಹುದು. ಆದರೆ ಸರಿಯುವುದಕ್ಕೂ ಎತ್ತುವುದಕ್ಕೂ ಎಸೆಯುವುದಕ್ಕೂ ಕಾಲ ಖರ್ಚಾಗುತ್ತದೆ, ಆ ಅವಧಿಯಲ್ಲಿ ಎರಡನೆಯವನೂ ಗುರಿಯಿಡುತ್ತಾನೆ. ಗುಂಡು ತಲುಪಲು ಸಮಯ ಬೇಕಾದ್ದರಿಂದ ಎದುರಾಳಿ ಈಗ ಇರುವಲ್ಲಿಗಲ್ಲ, ಆಗ ಇರಲಿರುವಲ್ಲಿಗೆ ಹೊಡೆಯಬೇಕು. ಕೇರಂ ಆಡುವವನು ಒಂದು ಕಾಯಿಗೆ ಹೊಡೆಯುವಾಗಲೇ ಮುಂದಿನದು ಎಲ್ಲಿ ಹೋಗಿ ನಿಂತೀತೆಂದು ಅಳೆಯುವ ಹಾಗೆ.

ಇದನ್ನು ಶುದ್ಧ ಒಗಟೆಂದು ಕರೆಯಲು ಮಾತ್ರ ನಾನು ಹಿಂಜರಿಯುತ್ತೇನೆ. ಒಗಟಿಗೆ ಸಾಮಾನ್ಯವಾಗಿ ರಚನಕಾರ ಬಚ್ಚಿಟ್ಟ ಉತ್ತರವೊಂದಿರುತ್ತದೆ. ಇಲ್ಲಿ ಹಾಗಿಲ್ಲ, ಬದುಕುಳಿದ ದಾರಿಯೆಲ್ಲ ಉತ್ತರವೇ. ಜೊತೆಗೆ, ನಿಂತಾಗಲೂ ಕಾಲ ಸಂಪೂರ್ಣವಾಗಿ ನಿಲ್ಲದೆ ತೆವಳುತ್ತಿರುವುದರಿಂದ ಯೋಚನೆಗೂ ಒಂದು ಮಿತಿಯುಂಟು. ಈ ತೆವಳುವಿಕೆ ಇಲ್ಲದಿದ್ದರೆ ಆಟ ಜಡವಾಗುತ್ತಿತ್ತೆಂದೇ ನನ್ನ ಅನಿಸಿಕೆ. ಹಂತ ಮುಗಿದೊಡನೆ ನಿಮ್ಮ ಆಟವನ್ನೇ ಸಹಜ ವೇಗದಲ್ಲಿ ಮರುಪ್ರದರ್ಶಿಸುತ್ತಾರೆ: ಅಳೆದು ಸುರಿದು ಇಟ್ಟ ಹೆಜ್ಜೆಗಳು ಅಲ್ಲಿ ಕೆಲವೇ ಕ್ಷಣಗಳ ಸಾಹಸವಾಗಿ ಮಿಂಚುತ್ತವೆ. ನಿಧಾನಿಗನಿಗೆ ಸಿಗುವ ಈ ಪರಾಕ್ರಮದ ಬಿರುದು ಸ್ವಲ್ಪ ಮುಖಸ್ತುತಿಯೇ ಸರಿ!

2016ರ ಡಿಸೆಂಬರಿನಲ್ಲಿ ಬಂದ ವರ್ಚುವಲ್ ರಿಯಾಲಿಟಿ (ಕಣ್ಣಿಗೆ ಸಾಧನ ಧರಿಸಿ ಆಟದೊಳಗೇ ಇರುವಂತೆ ಆಡುವ) ಆವೃತ್ತಿಯಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಅಲ್ಲಿ ಗುಂಡು ತಪ್ಪಿಸಲು ನಿಜವಾಗಿಯೂ ಮೈ ಬಾಗಿಸಬೇಕು, ತಲೆ ಮತ್ತು ಕೈಗಳ ಚಲನೆಯೇ ಕಾಲವನ್ನು ಓಡಿಸುತ್ತದೆ. ಬಾಗಿದವನು ನೆಟ್ಟಗಾಗಬೇಕಾದರೂ ಅದಕ್ಕೆ ತಗಲುವ ಕಾಲವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.