ಮುಂದಿನ ಐಪ್ಯಾಡ್ ಯಾವಾಗ ಬರಬಹುದು, ನನ್ನ ಲೆಕ್ಕಾ ಹಿಂಗೈತಿ ನೋಡ್ರಿ

ಎಲ್ಲಾರಿಗೂ ನಮಸ್ಕಾರ್ರಿ, ಬಾಗಲಕೋಟಿ ನವನಗರದಿಂದ ಮಾತಾಡಾಕತ್ತೀನಿ. ಈ ವಿಡಿಯೋದಾಗ ಈಗ ಕಾಣಾಕತ್ತಿದ್ದು ನಮ್ಮ ಮನಿ ಪಡಸಾಲಿ, ಮುಂಜಾನೆ ಎಂಟರ ಬಿಸಲು ಕಿಡಕಿಯಿಂದ ಸೀದಾ ನನ್ನ ಕೆಲಸದ ಟೇಬಲ್ ಮ್ಯಾಲೆ ಬೀಳತೈತಿ, ಅದಕ್ಕ ಈ ಟೈಮಿಗೇ ಶೂಟ್ ಮಾಡೀನಿ, 2025ರ ಡಿಸೆಂಬರ್ ಇದು, ಥಂಡಿ ಬಾಳ ಐತಿ, ಚಾದ ಕಪ್ಪೂ ಫ್ರೇಮಿನಾಗ ಬಂದೈತಿ, ಇರ್ಲಿ ಬಿಡ್ರಿ.

ಮೊನ್ನೆ ಎಳ್ಳಮಾಸಿಗೆ ಅಣ್ಣನ ಹೊಲಕ್ಕ ಹೋಗಿದ್ವಿ, ಚರಗಾ ಚೆಲ್ಲಿ, ಜ್ವಾಳದ ಬೆಳಿ ನಡುವ ಕುಂತು ಸಜ್ಜಿ ಕಡಬು, ಪುಂಡಿಪಲ್ಯಾ, ಶೇಂಗಾ ಹೋಳಿಗಿ ಉಣ್ಣಕೋತ ಮಾತಾಡೂಮುಂದ ವೈನಿ ಕೇಳಿದ್ರು, "ಏನವಾ, ನಿನ್ನ ಹೊಸಾ ಟ್ಯಾಬ್ ಇನ್ನೂ ಬರಲಿಲ್ಲೇನು, ಎರಡು ವರ್ಷಾತು ತೊಗೋತೀನಿ ತೊಗೋತೀನಿ ಅನ್ನಾಕತ್ತಿ" ಅಂತ. ನಾನು "ಹೊಸಾ ಮಾಡಲ್ ಬರೂದೈತ್ರಿ ವೈನಿ" ಅಂದೆ. "ಯಾವಾಗ?" ಅಂದ್ರು. ಆ ಯಾವಾಗ ಅನ್ನೂದಕ್ಕ ನನ್ನ ಹತ್ರ ಉತ್ತರಾನ ಇರಲಿಲ್ಲ. ಮನಿಗೆ ಬಂದು ಎರಡು ದಿನಾ ಕುಂತು ಆಪಲ್ ಕಂಪನಿ ಹಿಂದ ಐಪ್ಯಾಡ್ ಬಿಟ್ಟ ತಾರೀಕು ಎಲ್ಲಾ ತಗದು, ಒಂದು ನೋಟ್‌ಬುಕ್ಕಿನಾಗ ಬರದು, ಲೆಕ್ಕಾ ಹಾಕೀನಿ, ಅದನ್ನ ಇವತ್ತು ನಿಮ್ಮ ಮುಂದ ಇಡಾಕತ್ತೀನಿ.

ಮೊದ್ಲ ನನಗ ಯಾಕ ಬೇಕು ಅನ್ನೂದು ಹೇಳಬೇಕು, ಇಲ್ಲಂದ್ರ ಈ ಲೆಕ್ಕಕ್ಕ ಅರ್ಥ ಇಲ್ಲ. ನಾನು ಕಸೂತಿ ಗ್ರಾಫ್ ತಗಿಯಾಕಿ. ಇಳಕಲ್ ಸೀರಿ ಸೆರಗಿಗೆ, ಖಣದ ಕುಬ್ಬಸಕ್ಕ, ಈಗ ಕುರ್ತಾಕ್ಕೂ ಹಾಕಸ್ಕೋತಾರ, ಗೋಪುರ, ತೇರು, ತುಳಸಿ ಕಟ್ಟಿ, ಅಂಬಾರಿ ಆನಿ, ಇವನ್ನೆಲ್ಲಾ ಚೌಕಾ ಚೌಕಾ ಎಣಿಸಿ ತಗದು, ಹಾಕೂ ಹೆಣ್ಮಕ್ಕಳಿಗೆ ಕಳಸ್ತೀನಿ. ಕಸೂತ್ಯಾಗ ಬಟ್ಟಿ ಮ್ಯಾಲೆ ಪೆನ್ಸಿಲ್ ಹಚ್ಚೂ ಹಂಗಿಲ್ಲ, ಎಳಿ ಎಣಿಸೇ ಹಾಕಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಕು ಥರಾ ಟಾಕಿ, ಅದರಾಗ ಗವಂತಿ ಅಂದ್ರ ಹೋಗೂಮುಂದ ಒಂದು ಬಿಟ್ಟು ಒಂದು ಟಾಕಿ, ಹೊಳ್ಳಿ ಬರೂಮುಂದ ಬಿಟ್ಟ ಜಾಗಾ ತುಂಬಿಕೋತ ಬರಬೇಕು, ಗಂಟು ಹಾಕೂದಿಲ್ಲ, ಮುಂದೂ ಹಿಂದೂ ಒಂದ ಥರಾ ಕಾಣಬೇಕು. ಹಂಗಾಗಿ ಗ್ರಾಫಿನಾಗ ಒಂದ ಒಂದು ಚೌಕಾ ಆಕಡೆ ಈಕಡೆ ಆದ್ರೂ ಹೊಳ್ಳಿ ಬರೂ ದಾರಿ ಕೂಡೂದ ಇಲ್ಲ.

ಈ ಕ್ಲೋಸಪ್ ಸ್ವಲ್ಪ ಲಕ್ಷ್ಯ ಇಟ್ಟು ನೋಡ್ರಿ. ಆಪಲ್ ಪೆನ್ಸಿಲ್, ಅಂದ್ರ ಐಪ್ಯಾಡ್ ಮ್ಯಾಲೆ ಬರಿಯೂ ಪೆನ್ನು, ಅದರ ತುದಿ ಗ್ಲಾಸ್ ಮ್ಯಾಲೆ ಐತಿ, ಗೆರಿ ಅದರ ಕೆಳಗ ಮೂಡಾಕತ್ತೈತಿ, ನಡುವ ಒಂದು ಸಣ್ಣ ಸಂದು ಕಾಣತೈತಲ್ಲ? ಗ್ಲಾಸು ಬ್ಯಾರೆ, ಡಿಸ್‌ಪ್ಲೇ ಬ್ಯಾರೆ, ಎರಡರ ನಡುವ ಗಾಳಿ ಸಂದು ಇರ್ತೈತಿ. ಸೀದಾ ಮ್ಯಾಲಿಂದ ನೋಡಿದ್ರ ತ್ರಾಸಿಲ್ಲ, ಆದ್ರ ತಾಸುಗಟ್ಟಲೆ ಕುಂತಾಗ ಕುತ್ತಿಗಿ ಓರೆ ಆಗೂದ, ಓರೆ ಆತಂದ್ರ ತುದಿ ಇಟ್ಟದ್ದು ಒಂದು ಚೌಕದಾಗ, ಗೆರಿ ಬಿದ್ದದ್ದು ಬಾಜೂ ಚೌಕದಾಗ ಅನಸ್ತೈತಿ. ಸಂದು ಇಲ್ಲದಂಗ ಎರಡನ್ನೂ ಅಂಟಿಸಿ ಮಾಡಿದ್ದಕ್ಕ ಲ್ಯಾಮಿನೇಟೆಡ್ ಡಿಸ್‌ಪ್ಲೇ ಅಂತಾರ. ಐಪ್ಯಾಡಿನಾಗ ಕಡಿಮಿ ರೇಟಿನ ಸಾದಾ, ನಡುವಿನ ಏರ್, ಸಣ್ಣ ಮಿನಿ, ತುಟ್ಟಿ ಪ್ರೋ ಅಂತ ನಾಕು ಥರಾ ಅದಾವು. ಲ್ಯಾಮಿನೇಟೆಡ್ ಡಿಸ್‌ಪ್ಲೇ 2014ರ ಐಪ್ಯಾಡ್ ಏರ್ 2ದಾಗನ ಬಂದೈತಿ, ಮಿನಿದಾಗ ಐತಿ, ಪ್ರೋದಾಗ ಐತಿ, ಸಾದಾ ಐಪ್ಯಾಡಿನಾಗ ಮಾತ್ರ ಇವತ್ತಿಗೂ ಇಲ್ಲ. ಅದಕ್ಕೂ ಕಾರಣ ಐತ್ರಿ, ಸಂದು ಬಿಟ್ಟು ಮಾಡಿದ್ರ ಖರ್ಚು ಕಡಿಮಿ, ಮತ್ತ ಗ್ಲಾಸ್ ಒಡದ್ರ ಗ್ಲಾಸ್ ಅಷ್ಟ ಬದ್ಲಿ ಮಾಡಬಹುದು, ಸಣ್ಣ ಹುಡುಗರು ಬಳಸೂದಕ್ಕ ಅದ ಚಲೋ. ಆದ್ರ ನನ್ನ ಕೆಲಸಕ್ಕ ಆ ಒಂದು ಎಳಿಯಷ್ಟು ಸಂದ ದೊಡ್ಡದು.

ನನ್ನ ಕೈಯಾಗ ಇರೂದು 2018ರ ಸಾದಾ ಐಪ್ಯಾಡ್, ಆರನೇ ಜನರೇಶನ್, ಅಂದ್ರ ಆರನೇ ಮಾಡಲ್. ಅದು ಆ ವರ್ಷ ಮಾರ್ಚ್ 27ಕ್ಕ ಚಿಕಾಗೋದ ಒಂದು ಹೈಸ್ಕೂಲಿನಾಗ ಲಾಂಚ್ ಆಗಿತ್ತು, ಪೆನ್ಸಿಲ್ ನಡಿಯೂ ಮೊದಲನೇ ಕಡಿಮಿ ರೇಟಿನ ಐಪ್ಯಾಡ್ ಅದು, ಇಲ್ಲಿ ಆವಾಗ ಇಪ್ಪತ್ತೆಂಟು ಸಾವಿರ. ಏಳು ವರ್ಷ ದುಡದೈತಿ, ನನ್ನ ಮೊದಲ್ನೇ ಆರ್ಡರಿಂದ ಹಿಡದು ನಿನ್ನೆ ಕಳಿಸಿದ್ದರ ತನಕ ಎಲ್ಲಾ ಇದರಾಗ ತಗದದ್ದು. ಈಗ ಅದಕ್ಕ ವಯಸ್ಸಾತು. ಎರಡು ಜಿಬಿ ರ್‍ಯಾಮ್, ಎ10 ಚಿಪ್ಪು, ದೊಡ್ಡ ಸೆರಗಿನ ಗ್ರಾಫ್ ತಗದ್ರ ನಾಕು ಲೇಯರ್, ಅಂದ್ರ ಚಿತ್ರದ ಪದರು, ಅದಕ್ಕಿಂತ ಹೆಚ್ಚು ಕೊಡೂದಿಲ್ಲ. ಐಪ್ಯಾಡ್ ನಡಸೂ ಸಾಫ್ಟ್‌ವೇರಿಗೆ ಐಪ್ಯಾಡ್‌ಓಎಸ್ ಅಂತಾರ, ಐಪ್ಯಾಡ್‌ಓಎಸ್ 17ಕ್ಕ ಇದರ ಅಪ್‌ಡೇಟ್ ನಿಂತೈತಿ, 2025ರ ಸೆಪ್ಟೆಂಬರ್‌ನಾಗ ಬಂದ ಐಪ್ಯಾಡ್‌ಓಎಸ್ 26 ಅಂತೂ ಎಂಟನೇ ಜನರೇಶನ್ನಿಂದ ಮುಂದಿನವಕ್ಕ ಅಷ್ಟ.

ಈಗ ತಾರೀಕಿಗೆ ಬರೋಣು. ನಮ್ಮ ಕಡೆ ಹೊಲಕ್ಕ ಮುಂಗಾರಿ ಹಿಂಗಾರಿ ಅಂತ ಎರಡು ಹಂಗಾಮು ಅದಾವಲ್ರೀ, ಐಪ್ಯಾಡಿಗೂ ಸರಿಸುಮಾರು ಹಂಗ ಐತಿ, ಒಂದು ಮಾರ್ಚಿನಿಂದ ಮೇ ತನಕ, ಇನ್ನೊಂದು ಸೆಪ್ಟೆಂಬರ್ ಅಕ್ಟೋಬರಿಗೆ. ಈ ನೋಟ್‌ಬುಕ್ ತೋರಸ್ತೀನಿ, ನನ್ನ ಅಕ್ಷರ ಓದಾಕ ಬರ್ತೈತಿ ಅನ್ಕೋತೀನಿ. ಆವಾಗಿನ ಆಪಲ್ ಸಿಇಒ ಸ್ಟೀವ್ ಜಾಬ್ಸ್ ಮೊದಲನೇ ಐಪ್ಯಾಡ್ ತೋರಿಸಿದ್ದು 2010ರ ಜನವರಿ 27ಕ್ಕ, ಮಾರಾಟಕ್ಕ ಬಂದಿದ್ದು ಏಪ್ರಿಲ್ 3ಕ್ಕ. ಎರಡನೇದು 2011ರ ಮಾರ್ಚ್, ಮೂರನೇದು 2012ರ ಮಾರ್ಚ್, ಆಮ್ಯಾಲೆ ಅದ ವರ್ಷ ಅಕ್ಟೋಬರಿಗೆ ನಾಕನೇದು, ಬರೇ ಏಳು ತಿಂಗಳಿಗೆ! ಮಾರ್ಚಿನಾಗ ರೊಕ್ಕಾ ಸುರದವರಿಗೆ ಹೆಂಗ ಅನಿಸಿರಬೇಕು ವಿಚಾರ ಮಾಡ್ರಿ. ಸಾದಾ ಐಪ್ಯಾಡ್ ಅಂತ ಬ್ಯಾರೆ ಲೈನ್ ಶುರು ಆಗಿದ್ದು 2017ರ ಮಾರ್ಚಿಗೆ ಐದನೇದ್ರಿಂದ, 2018ರ ಮಾರ್ಚಿಗೆ ನನ್ನದು, ಆಮ್ಯಾಲೆ ಹಂಗಾಮ ಬದ್ಲಾತು, 2019, 2020, 2021 ಮೂರೂ ವರ್ಷ ಸೆಪ್ಟೆಂಬರ್, 2022ಕ್ಕ ಅಕ್ಟೋಬರ್, ಅದು ಹತ್ತನೇದು, ಯುಎಸ್‌ಬಿ-ಸಿ ಬಂತು, ರೇಟು 44,900ಕ್ಕ ಏರ್ತು.

ಅಲ್ಲಿಂದ ಮುಂದ ನನ್ನ ಕಥಿ ಶುರು ಆಗ್ತೈತಿ. 2023ಕ್ಕ ನಾನು ಮೂವತ್ತೈದು ಸಾವಿರ ಕೂಡಿಸಿದ್ದೆ. ವರ್ಷಾ ವರ್ಷಾ ಬರಾಕತ್ತೈತಿ, ಈ ವರ್ಷಾನೂ ಸೆಪ್ಟೆಂಬರಿಗೆ ಬರ್ತೈತಿ, ಬಂದಕೂಡಲೆ ಹಳೇದ್ರ ರೇಟ್ ಇಳೀತೈತಿ ಅಂತ ಕಾದೆ. ಸೆಪ್ಟೆಂಬರ್ ಹೋತು, ಅಕ್ಟೋಬರ್ ಹೋತು, ದೀಪಾವಳಿ ಸೇಲ್ ಹೋತು, ನಾನು ಇನ್ನೂ ಕಾಯಾಕತ್ತಿದ್ದೆ. ಆ ವರ್ಷ ಒಂದ ಒಂದೂ ಹೊಸಾ ಐಪ್ಯಾಡ್ ಬರಲಿಲ್ಲ, ಸಾದಾನೂ ಇಲ್ಲ, ಏರ್ ಇಲ್ಲ, ಮಿನಿ ಇಲ್ಲ, ಪ್ರೋ ಇಲ್ಲ, 2010ರಿಂದ ಹಂಗ ಆಗಿದ್ದು ಅದ ಮೊದಲು. 2024ರ ಮೇದಾಗ ಪ್ರೋ ಮತ್ತ ಏರ್ ಬಂದು, ಹತ್ತನೇದ್ರ ರೇಟ್ 34,900ಕ್ಕ ಇಳೀತು, ಅಂದ್ರ ನನ್ನ ರೊಕ್ಕಕ್ಕ ಸರಿಯಾಗಿ ಬಂದಿತ್ತು, ಆದ್ರ ಅಷ್ಟೊತ್ತಿಗೆ ಅವ್ವನ ಕಣ್ಣಿಂದು ಆಪರೇಶನ್ ಆಗಿ ಆ ರೊಕ್ಕಾ ಅಲ್ಲಿ ಹೋಗಿತ್ತು. ಅದಕ್ಕ ನನಗ ಏನೂ ಬ್ಯಾಸರಿಲ್ಲ, ಅವ್ವಗ ಈಗ ಸೂಜಿಗೆ ದಾರಾ ಪೋಣಸಾಕ ಬರ್ತೈತಿ, ನನ್ನ ಜೋಡಿ ಕುಂತು ಗ್ರಾಫ್ ತಪ್ಪು ಹಿಡೀತಾಳ. ಬ್ಯಾಸರ ಇರೂದು ಆ ಒಂದು ವರ್ಷ ಕಾದಿದ್ದಕ್ಕ, ಅದೂ ಮಾಹಿತಿ ಇಲ್ಲದ ಕಾದಿದ್ದಕ್ಕ.

ಹನ್ನೊಂದನೇದು, ಅದರ ಚಿಪ್ಪಿನ ಹೆಸರಿಲೆ ಎ16 ಅಂತಾರಲ್ಲ, 2025ರ ಮಾರ್ಚ್ 4ಕ್ಕ ಬಂತು, ಇಪ್ಪತ್ತೊಂಬತ್ತು ತಿಂಗಳ ಮ್ಯಾಲೆ. ಇವೆಂಟ್ ಇಲ್ಲ ಏನಿಲ್ಲ. ಹಿಂದಿನ ದಿನಾ ಆವಾಗಿನ ಆಪಲ್ ಸಿಇಒ ಟಿಮ್ ಕುಕ್ ಒಂದು ಸಣ್ಣ ಪೋಸ್ಟ್ ಹಾಕಿದ್ರು, ಅದೂ ಏರ್ ಬಗ್ಗೆ, ಮರುದಿನಾ ವೆಬ್‌ಸೈಟಿನಾಗ ಎರಡೂ ಬಂದುಬಿಟ್ಟಿದ್ದು. 128 ಜಿಬಿಯಿಂದ ಶುರು, 34,900. 2024ರ ಅಕ್ಟೋಬರಿಗೆ ಮಿನಿ ಬಂದಿದ್ದೂ ಹಂಗ, 2025ರ ಅಕ್ಟೋಬರಿಗೆ ಎಂ5 ಚಿಪ್ಪಿನ ಐಪ್ಯಾಡ್ ಪ್ರೋ ಬಂದಿದ್ದೂ ಹಂಗ. ಅಂದ್ರ ತಿಂಗಳ ಮೊದ್ಲ ಗೊತ್ತಾಗ್ತೈತಿ ಅನ್ನೂ ಆಶಾ ಬಿಡಬೇಕು.

ಹಂಗಾರ ಹನ್ನೆರಡನೇದು ಯಾವಾಗ? ನನ್ನ ಅಂದಾಜು 2026ರ ಮಾರ್ಚ್ ಇಲ್ಲಾ ಏಪ್ರಿಲ್, ಅಂದ್ರ ಯುಗಾದಿ ಆಜೂಬಾಜೂ. ಬರೇ ತಿಂಗಳು ಎಣಿಸಿ ಹೇಳಾಕತ್ತಿಲ್ರಿ, ಇದಕ್ಕ ಚಿಪ್ಪಿನ ಕಾರಣ ಐತಿ. ಆಪಲ್ ಇಂಟೆಲಿಜೆನ್ಸ್ ಅಂತ ಎಐ ಫೀಚರ್ ಅದಾವಲ್ಲ, ಅವು ನಡೀಬೇಕಂದ್ರ ಎ17 ಪ್ರೋ ಚಿಪ್ ಬೇಕು, ಇಲ್ಲಾ ಎಂ ಸೀರೀಸಿನ ಚಿಪ್ಪಾದ್ರೂ ಬೇಕು, ಎಂಟು ಜಿಬಿ ರ್‍ಯಾಮ್ ಬೇಕು. ಈಗ ಮಾರಾಕತ್ತಿರೂ ಐಪ್ಯಾಡಿನಾಗ ಪ್ರೋಗೆ ಐತಿ, ಏರ್‌ಗೆ ಐತಿ, ಮಿನಿಗೆ ಐತಿ, ಸಾದಾದಕ್ಕ ಒಂದಕ್ಕ ಇಲ್ಲ, ಯಾಕಂದ್ರ ಅದಕ್ಕ ಹಾಕಿದ್ದು 2022ರ ಐಫೋನ್ 14 ಪ್ರೋದಾಗ ಬಂದ ಎ16. ಇಡೀ ಮನ್ಯಾಗ ಒಬ್ಬಾಕಿಗೇ ಹೊಸಾ ಸೀರಿ ಉಡಿಸದ ಬಾಳ ದಿನಾ ಇಡಾಕ ಬರೂದಿಲ್ಲ. ಹಂಗಾಗಿ ಹೊಸಾ ಚಿಪ್ ಹಾಕಿ ದೌಡ ತರ್ತಾರ ಅಂತ ನನಗ ಗಟ್ಟಿ ಅನಸ್ತೈತಿ. ಇದಕ್ಕ ಎದುರು ವಾದಾನೂ ಐತಿ, ಈಗ ಎಐ ಡೇಟಾ ಸೆಂಟರ್‌ಗಳು ಮೆಮರಿ ಚಿಪ್ಪು ಬಾಚ್ಕೊಂಡು ಹೋಗಾಕತ್ತಾವು, ರೇಟ್ ಏರಾಕತ್ತೈತಿ, ಆರು ಜಿಬಿಯಿಂದ ಎಂಟಕ್ಕ ಹೋಗಿ ಅದ ರೇಟಿಗೆ ಕೊಡೂದು ಸರಳ ಅಲ್ಲ. ತಡಾ ಆದ್ರ ಆ ಕಾರಣಕ್ಕನ ತಡಾ ಆಗಬಹುದು, ಆವಾಗ ಸೆಪ್ಟೆಂಬರ್, ಹಿಂಗಾರಿ ಹಂಗಾಮು.

ಲ್ಯಾಮಿನೇಟೆಡ್ ಡಿಸ್‌ಪ್ಲೇ ಬರ್ತೈತೇನು ಅಂತ ಕೇಳಿದ್ರ, ಮನಸ್ಸು ಬರ್ಲಿ ಅಂತೈತಿ, ಲೆಕ್ಕಾ ಮಾತ್ರ ಇಲ್ಲ ಅಂತೈತಿ. ಚಿಪ್ ಬದ್ಲಾಗೂ ವರ್ಷ ಬಾಡಿ, ಡಿಸ್‌ಪ್ಲೇ ಅದ ಇಡತಾರ, ಹತ್ತನೇದು ಹನ್ನೊಂದನೇದು ಬಾಜೂ ಬಾಜೂ ಇಟ್ರ ಯಾವದು ಯಾವದು ಅಂತ ಗೊತ್ತಾಗೂದಿಲ್ಲ. 34,900 ಅನ್ನೂ ರೇಟ್ ಹಿಡಕೊಂಡು ಕುಂತಾಗ ರ್‍ಯಾಮ್ ಏರಿಸಿ ಡಿಸ್‌ಪ್ಲೇನೂ ಬದಲಿಸ್ತಾರ ಅನ್ನೂದು ನನಗ ನಂಬಿಕಿ ಇಲ್ಲ.

ಅದಕ್ಕ ಮಿನಿ ಬಗ್ಗೆ ಬಾಳ ವಿಚಾರ ಮಾಡೀನಿ. ಅದಕ್ಕ ಗಾಳಿ ಸಂದಿಲ್ಲ, ಪೆನ್ಸಿಲ್ ಪ್ರೋ ನಡೀತೈತಿ, 8.3 ಇಂಚು, 49,900. ಆದ್ರ ಮಿನಿ ಹಂಗಾಮಿನ ಬೆಳಿ ಅಲ್ರಿ, ಅದು ಮಾವಿನ ಗಿಡ. ನಾಕನೇ ಮಿನಿ 2015, ಐದನೇದು 2019, ಆರನೇದು 2021, ಏಳನೇದು 2024ರ ಅಕ್ಟೋಬರ್. ಎರಡೂವರಿ ಮೂರೂವರಿ ವರ್ಷಕ್ಕೊಮ್ಮೆ ಹಣ್ಣು ಬಿಡತೈತಿ. ಮುಂದಿನ ಮಿನಿಗೆ ಒಎಲ್‌ಇಡಿ ಅನ್ನೂ ತುಟ್ಟಿ ಥರದ ಡಿಸ್‌ಪ್ಲೇ ಬರ್ತೈತಿ ಅಂತ ಸುದ್ದಿ ಓಡ್ಯಾಡಾಕತ್ತೈತಿ, ಪ್ರೋಗೆ 2024ರಾಗ ಒಎಲ್‌ಇಡಿ ಬಂದಾಗ ರೇಟ್ ಹೆಂಗ ಜಿಗೀತು ಅಂತ ನೋಡಿದವರು ಅದು ಅಗ್ಗ ಆಗ್ತೈತಿ ಅನ್ನೂದಿಲ್ಲ. ನಾನು ಅದನ್ನ 2027ರ ಲೆಕ್ಕಕ್ಕ ಬರದೀನಿ, ಮೊದ್ಲ ಬಂದ್ರ ಬಂತು. ಮತ್ತ 8.3 ಇಂಚಿನಾಗ ಇಡೀ ಸೆರಗು ಕಾಣೂದಿಲ್ಲ, ಜೂಮ್ ಮಾಡ್ಕೋತ ಕುಂದರಬೇಕು, ಅಂಬಾರಿ ತಗದಾಗ ಆನಿ ಕಾಲು ಎಲ್ಲಿ ಐತಿ ಅಂತ ಹುಡುಕಬೇಕಾಗ್ತೈತಿ.

ನಮ್ಮ ಕಾಕಾನ ಮಗಾ ಬೆಳಗಾವ್ಯಾಗ ಇಂಜಿನಿಯರಿಂಗ್ ಓದಾಕತ್ತಾನ, ಅಂವಾ "ಯಕ್ಕಾ, ಐಪ್ಯಾಡ್ ಯಾಕ ಹಿಡಕೊಂಡು ಕುಂತಿ, ಸ್ಯಾಮ್‌ಸಂಗ್ ತೊಗೊ, ಪೆನ್ ಡಬ್ಬಿಯಾಗ ಬರ್ತೈತಿ" ಅಂತಾನ. ಅಂವ ಹೇಳೂದು ಖರೇ ಐತಿ, ಸ್ಯಾಮ್‌ಸಂಗಿನ ಎಸ್ ಪೆನ್ನಿಗೆ ಬರಿಯಾಕ ಚಾರ್ಜ್ ಸುದ್ದಾ ಬೇಕಾಗಿಲ್ಲ, ಅಂವನದ ಇಸ್ಕೊಂಡು ಒಂದು ವಾರ ಬಳಸೀನಿ, ಕೈಗೆ ಚಲೋ ಅನಸ್ತು, ಓದೂ ಹುಡುಗರಿಗೆ ನಾನು ಅದನ್ನ ಹೇಳ್ತೀನಿ. ನನ್ನ ತೊಂದ್ರಿ ಬ್ಯಾರೆ, ಏಳು ವರ್ಷದ ಎಂಟುನೂರಕ್ಕೂ ಹೆಚ್ಚು ಗ್ರಾಫು ಪ್ರೊಕ್ರಿಯೇಟ್ ಅನ್ನೂ ಚಿತ್ರಾ ತಗಿಯೂ ಆ್ಯಪಿನ ಫೈಲಿನಾಗ ಅದಾವು, ಆ ಆ್ಯಪ್ ಆಂಡ್ರಾಯ್ಡಿಗೆ ಇಲ್ಲ. ಎಲ್ಲಾ ಲೇಯರ್ ಬಿಡಿಸಿ ಆಕಡೆ ಸಾಗಿಸೂದಂದ್ರ ಒಂದು ಹಂಗಾಮಿನ ಆರ್ಡರ್ ಬಿಡಬೇಕು.

ಹಂಗಾಗಿ ಈ ಸಲ ನಾನು ಕಾಯಾಕ ಒಂದು ತಾರೀಕು ಹಾಕ್ಕೊಂಡೀನಿ, ನೋಟ್‌ಬುಕ್ಕಿನಾಗ ಕೆಂಪು ಪೆನ್ನಿಲೆ ಬರದೀನಿ ನೋಡ್ರಿ, 2026ರ ಏಪ್ರಿಲ್ 30. ಅಷ್ಟರಾಗ ಹನ್ನೆರಡನೇದು ಬಂದು ರೇಟ್ ನನ್ನ ಕೈಗೆ ಎಟಕಿದ್ರ ಅದು, ರೇಟ್ ಏರಿದ್ರ ಹನ್ನೊಂದನೇದು ಆವಾಗ ಇಳದಿರತೈತಿ, ಅದು. ಏನೂ ಬರಲಿಲ್ಲಂದ್ರ ಮೇ 1ಕ್ಕ ಎ16 ತೊಗೊಳ್ಳೂದ. ನನ್ನ ಹಳೇ ಪೆನ್ಸಿಲ್ ಒಂದು ಅಡಾಪ್ಟರ್ ಹಚ್ಚಿದ್ರ ಅದಕ್ಕ ನಡೀತೈತಿ, ಇದು ಬಾಳ ಮಂದಿಗೆ ಗೊತ್ತಿಲ್ಲ. ಯುಎಸ್‌ಬಿ-ಸಿ ಪೆನ್ಸಿಲ್ ಅಂತ ಕಡಿಮಿ ರೇಟಿಂದು ಐತಲ್ಲ, ಅದಕ್ಕ ಪ್ರೆಶರ್ ಗೊತ್ತಾಗೂದಿಲ್ಲ, ಒತ್ತಿದ್ರೂ ಹಗರ ಹಿಡದ್ರೂ ಗೆರಿ ಒಂದ ಥರಾ, ಚಿತ್ರಾ ತಗಿಯವರು ಅಂಗಡ್ಯಾಗ ಇದನ್ನ ಕೇಳೇ ತೊಗೋರಿ. ಸಂದಿನ ತ್ರಾಸು ಇನ್ನ ಸ್ವಲ್ಪ ವರ್ಷ ಇರ್ತೈತಿ, ಅದಕ್ಕ ನಾನು ಟೇಬಲ್ಲಿಗೆ ಈ ಓರೆ ಸ್ಟ್ಯಾಂಡ್ ಮಾಡಸೀನಿ, ನಮ್ಮ ಓಣಿ ಬಡಗ್ಯಾರ ಕಡೆಯಿಂದ, ಸಾಗವಾನಿ ತುಂಡು, ಇದರ ಮ್ಯಾಲೆ ಇಟ್ರ ಕಣ್ಣು ಸೀದಾ ಬೀಳತೈತಿ, ಒಂದು ವಾರದಿಂದ ಒಂದ ಚೌಕಾನೂ ತಪ್ಪಿಲ್ಲ.

ನಿಮ್ಮ ಹತ್ರ ಈಗ ಇರೂದು ಒಂಬತ್ತನೇದು, ಹತ್ತನೇದು ಆಗಿದ್ರ, ಅಪ್‌ಡೇಟೂ ಬರಾಕತ್ತಿದ್ರ, ಇನ್ನೊಂದು ಹಂಗಾಮು ತಡೀರಿ ಅಂತೀನಿ. ಟ್ಯಾಬ್ ಇಲ್ಲದ ಮಕ್ಕಳ ಓದು ನಿಂತಿದ್ರ ಇವತ್ತ ತೊಗೋರಿ, ಮಾರ್ಚ್ ದಾರಿ ನೋಡಬ್ಯಾಡ್ರಿ, ಪರೀಕ್ಷಾನೂ ಮಾರ್ಚಿಗೇ ಅದಾವು.

ಇಲ್ಲಿ ಅವ್ವ ಬಂದ್ಲು, ಗೋಪುರದ ಎಡಗಡೆ ಒಂದು ಮೆಟ್ಟಲಾ ಕಡಿಮಿ ಐತಿ ಅನ್ನಾಕತ್ತಾಳ. ಎಣಿಸಿ ನೋಡ್ತೀನಿ, ಸಂಕ್ರಾಂತಿಗೆ ಮೊದ್ಲ ಇದನ್ನ ಕಳಸಬೇಕು, ಇನ್ನೂ ಹನ್ನೊಂದು ಸಾಲು ಬಾಕಿ ಅದಾವು. ಬರ್ತೀನ್ರಿ.