ಯಾರಂದರು, ಎಲ್ಲಂದರು, ಯಾವತ್ತಂದರು

ಕೇಳುಗರಿಗೆ ನಮಸ್ಕಾರ.

ಚುನಾವಣೆ ಫಲಿತಾಂಶ ಬಂದ ಮಾರನೇ ವಾರ ನನ್ನ ವಕೀಲಿ ಕಚೇರಿಗೆ ಬರೋ ಮಂದಿ ಬಹುಮಟ್ಟಿಗೆ ಒಂದೇ ಮಾತು ಹೇಳ್ತಾರೆ. "ಸಾರ್, ನಮ್ಮಣ್ಣನ ಮೇಲೆ ಇಲ್ಲದ್ದೆಲ್ಲ ಹಬ್ಬಿಸಿಬಿಟ್ರು, ಅದಕ್ಕೇ ಸೋತ್ವಿ." ಸರಿ, ಹಬ್ಬಿಸಿದ್ದು ಯಾರು ಅಂತೀನಿ. "ಅವರೇ ಸಾರ್, ಇಡೀ ತಾಲ್ಲೂಕಿಗೇ ಗೊತ್ತು." ತಾಲ್ಲೂಕಿಗೆ ಗೊತ್ತಿದ್ದು ಏನು ಬಂತು ಸ್ವಾಮಿ? ತಾಲ್ಲೂಕನ್ನ ಕಟಕಟೆಗೆ ಹತ್ತಿಸೋಕಾಗುತ್ತಾ?

ಹಾಗಾಗಿ ಇವತ್ತು ನಾನು ಹೇಳೋದು ಒಂದೇ. ಯಾರಂದರು, ಎಲ್ಲಂದರು, ಯಾವತ್ತಂದರು. ಇದನ್ನ ಬರೆದಿಡಿ.

1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನಲ್ಲಿ ನಾಲ್ಕನೇ ಉಪಕಲಂ ಅಂತಿದೆ. ಎದುರಾಳಿಯ ವೈಯಕ್ತಿಕ ನಡತೆ ಬಗ್ಗೆ ಸುಳ್ಳು ಸಂಗತಿಯನ್ನ, ಅದು ನಿಜ ಅಂತ ತಾನೇ ನಂಬದೆ, ಅವರ ಗೆಲುವಿಗೆ ಕಲ್ಲು ಹಾಕೋ ಹಾಗೆ ಪ್ರಚಾರ ಮಾಡಿದರೆ ಅದು ಚುನಾವಣಾ ಭ್ರಷ್ಟಾಚಾರ. ಗೆದ್ದವರೋ ಅವರ ಏಜೆಂಟೋ ಅದನ್ನ ಹೇಳಿರಬೇಕು, ಇಲ್ಲವೇ ಅವರ ಒಪ್ಪಿಗೆ ಪಡೆದು ಬೇರೆಯವರು ಹೇಳಿರಬೇಕು. ರುಜುವಾತಾದರೆ ಗೆಲುವು ರದ್ದು. ಆರು ವರ್ಷದವರೆಗೂ ಅನರ್ಹತೆ ಬರಬಹುದು. ಆದರೆ 'ಕೆರೆ ಹೂಳೆತ್ತಿಸಲಿಲ್ಲ', 'ಮೂರು ಪಕ್ಷ ಸುತ್ತಿ ಬಂದ' ಅಂತ ಬೈದರೆ ಅದು ರಾಜಕೀಯ ಟೀಕೆ, ಅದಕ್ಕೆ ಈ ಕಲಂ ಇಲ್ಲ. ಅಷ್ಟೂ ಬೈಸಿಕೊಳ್ಳೋಕಾಗದವರು ನಾಮಪತ್ರ ಯಾಕೆ ಹಾಕಬೇಕು?

ಈಗ ನನಗೆ ತುಂಬಾ ಇಷ್ಟವಾದ ಒಂದು ಮೊಕದ್ದಮೆ. ನಾನು ಇದನ್ನ ಶುರು ಮಾಡಿದರೆ ನಮ್ಮ ಜೂನಿಯರ್‌ಗಳು ಫೈಲ್ ಹುಡುಕೋ ನೆಪದಲ್ಲಿ ಆಚೆ ಹೋಗ್ತಾರೆ. ನೀವು ಮಾತ್ರ ರೇಡಿಯೊ ಆರಿಸಬೇಡಿ.

1962ನೇ ಇಸವಿ. ರಾಜಸ್ಥಾನದ ಬ್ಯಾವರ್ ಕ್ಷೇತ್ರ. ಗೆದ್ದವರು ಕುಮಾರಾನಂದ, ಸೋತವರು ಬ್ರಿಜ್‌ಮೋಹನ್ ಲಾಲ್ ಶರ್ಮ. ಚುನಾವಣೆಗೆ ಮುಂಚೆ ಒಂದು ಸಭೆ ನಡೆದಿತ್ತು, ಅಧ್ಯಕ್ಷತೆ ಕುಮಾರಾನಂದರದೇ. ಅಲ್ಲಿ ಒಬ್ಬ ಕವಿ ಎದ್ದು ನಿಂತು ಪದ್ಯ ಓದಿದ. ನೋಡಿ, ಭಾಷಣ ಅಲ್ಲ, ಪದ್ಯ! ಆ ಪದ್ಯದಲ್ಲಿ ಶರ್ಮರು ಎಲ್ಲ ಕಳ್ಳರಿಗಿಂತ ದೊಡ್ಡ ಕಳ್ಳ. ಅಧ್ಯಕ್ಷರು ಕೂತು ಕೇಳಿದರು.

ಶರ್ಮರು ತಕರಾರು ಅರ್ಜಿ ಹಾಕಿದರು. ಅದು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೇ ಹೋಯಿತು. ಗೆದ್ದವರ ಕಡೆಯ ವಾದ ಬಹಳ ಚೆನ್ನಾಗಿತ್ತು, ವಕೀಲನಾಗಿ ಒಪ್ಪಿಕೊಳ್ತೀನಿ. ಒಂದು, 'ಕಳ್ಳ' ಅನ್ನೋದು ಅಭಿಪ್ರಾಯ, ಸಂಗತಿ ಅಲ್ಲ. ಇನ್ನೊಂದು ಇದಕ್ಕಿಂತ ಜಾಣತನದ್ದು. ಪದ್ಯ ಓದಿದವನು ಕವಿ, ಹಾಗಾದರೆ ಕವಿ ಅದನ್ನ ನಂಬಿದ್ದನೋ ಇಲ್ಲವೋ ನೋಡಿ, ನಮ್ಮನ್ನ ಯಾಕೆ ಕೇಳ್ತೀರಿ? ಸುಪ್ರೀಂ ಕೋರ್ಟು ಎರಡನ್ನೂ ಒಪ್ಪಲಿಲ್ಲ. ಒಬ್ಬನನ್ನ ಕಳ್ಳರಲ್ಲೇ ದೊಡ್ಡ ಕಳ್ಳ ಅಂದರೆ ಅದು ಸಂಗತಿಯೇ, ಛಂದಸ್ಸಿನಲ್ಲಿ ಹೇಳಿದ ಮಾತ್ರಕ್ಕೆ ಅಭಿಪ್ರಾಯ ಆಗಲ್ಲ. ಇನ್ನು, ಅಭ್ಯರ್ಥಿಯ ಒಪ್ಪಿಗೆಯಿಂದ ಬೇರೆಯವರು ಆಡಿದ ಮಾತಾದರೆ ಲೆಕ್ಕಕ್ಕೆ ಬರೋದು ಅಭ್ಯರ್ಥಿಯ ನಂಬಿಕೆ. ಕವಿ ಏನು ನಂಬಿದ್ದ ಅನ್ನೋದು ಕಟ್ಟಿಕೊಂಡು ಕೋರ್ಟಿಗೇನು? ಗೆಲುವು ಹೋಯಿತು.

ಅರ್ಜಿ ನಿಂತದ್ದು ಯಾತರ ಮೇಲೆ ಹೇಳಿ? ಒಂದು ಸಭೆ, ಒಂದು ಜಾಗ, ಒಂದು ದಿನ, ಓದಿದ ಒಬ್ಬ ಮನುಷ್ಯ, ಅಧ್ಯಕ್ಷರ ಕುರ್ಚಿಯಲ್ಲಿ ಅಭ್ಯರ್ಥಿ. ಅದೇ ಮಾತು ಟೀ ಅಂಗಡಿಯಿಂದ ಟೀ ಅಂಗಡಿಗೆ ಓಡಾಡಿದ್ದರೆ ಶರ್ಮರು ಏನೂ ಮಾಡೋಕಾಗ್ತಿರಲಿಲ್ಲ. ಯಾರಂದರು, ಎಲ್ಲಂದರು, ಯಾವತ್ತಂದರು.

ಅಯ್ಯೋ, ಕಥೆ ಹೇಳ್ತಾ ಅರ್ಧ ಹೊತ್ತು ಕಳೆದೇಬಿಟ್ಟೆ. ಉಳಿದದ್ದು ಬೇಗ ಬೇಗ ಹೇಳ್ತೀನಿ.

ಕರಪತ್ರ ಸಿಕ್ಕರೆ ಒಲೆಗೆ ಹಾಕಬೇಡಿ, ಕೆಳಗಡೆ ನೋಡಿ. ಮುದ್ರಕರು, ಪ್ರಕಾಶಕರು ಇಬ್ಬರ ಹೆಸರು, ವಿಳಾಸ ಅಲ್ಲಿರಲೇಬೇಕು, 127ಎ ಕಲಂ ಹಾಗೆ ಹೇಳುತ್ತೆ. ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಯಾರ ನಂಬರಿನಿಂದ, ಯಾವ ಗ್ರೂಪಿಗೆ ಅನ್ನೋದು ಉಳಿಸಿಕೊಳ್ಳಿ. ಇನ್ನೂ ಹತ್ತು ಜನಕ್ಕೆ ಕಳಿಸಿ "ನೋಡಿ ಎಂಥ ಸುಳ್ಳು" ಅನ್ನಬೇಡಿ. ವದಂತಿ ಹಬ್ಬಿಸೋರ ಕೆಲಸ ನೀವೇ ಮಾಡಿಕೊಟ್ಟ ಹಾಗಾಯ್ತು.

ಇಂಗ್ಲೆಂಡಿನಲ್ಲೂ ಇದೇ. 2010ರಲ್ಲಿ ಓಲ್ಡಂ ಕಡೆಯ ಒಂದು ಕ್ಷೇತ್ರದಲ್ಲಿ ಫಿಲ್ ವೂಲಸ್ 103 ಮತದಿಂದ ಗೆದ್ದರು, ನವೆಂಬರಿಗೆ ಆ ಗೆಲುವು ರದ್ದಾಯಿತು. ಸಾಕ್ಷಿ ಅವರದೇ ಅಚ್ಚಾದ ಪ್ರಚಾರದ ಹಾಳೆಗಳು.

ದಿನದ ಲೆಕ್ಕ 45. ಗೆದ್ದವರು ಘೋಷಣೆಯಾದ ದಿನದಿಂದ 45 ದಿನದೊಳಗೆ ಅರ್ಜಿ ಹೈಕೋರ್ಟಿನಲ್ಲಿರಬೇಕು. ಜೊತೆಗೆ 2,000 ರೂಪಾಯಿ ಠೇವಣಿ. ಸೋತ ಅಭ್ಯರ್ಥಿಯೇ ಆಗಬೇಕಿಲ್ಲ, ಆ ಕ್ಷೇತ್ರದ ಮತದಾರರೂ ಹಾಕಬಹುದು. ಐವತ್ತನೇ ದಿನ ಒಬ್ಬರು ಚೀಲದ ತುಂಬ ಪೇಪರ್ ಕಟಿಂಗ್ ಹೊತ್ತು ಬಂದರು. ಕಾಫಿ ಕೊಟ್ಟು ಕಳಿಸಿದೆ, ಇನ್ನೇನು ಮಾಡಲಿ? ತಡವಾದದ್ದಕ್ಕೆ ಮಾಫಿ ಇಲ್ಲ.

ಕೊನೆಯದು. ಅರ್ಜಿ ಸಲ್ಲಿಸೋ ದಿನ ಅರ್ಜಿದಾರರು ಖುದ್ದಾಗಿ ಬರಬೇಕು. ಬಾಗೇಪಲ್ಲಿಯ ಮಾಜಿ ಶಾಸಕರು ಜಿ.ವಿ. ಶ್ರೀರಾಮರೆಡ್ಡಿ ಅವರ ಅರ್ಜಿಯನ್ನ ಅವರಿಲ್ಲದಾಗ ವಕೀಲರು ಕೊಟ್ಟರು ಅನ್ನೋ ಕಾರಣಕ್ಕೇ ಅದು ಬಿದ್ದುಹೋಯಿತು, 2009ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ಹಿಂದಿನ ರಾತ್ರಿಯೇ ಬೆಂಗಳೂರಿಗೆ ಬಂದುಬಿಡಿ. ವಿಧಾನಸೌಧದ ಎದುರಿಗೇ ಕೆಂಪು ಕಟ್ಟಡ. ಬೆಳಿಗ್ಗೆ ಆ ರಸ್ತೆಯಲ್ಲಿ ಆಟೊ ನಂಬಿಕೊಂಡು ಕೂರಬೇಡಿ, ಮೆಟ್ರೊದಲ್ಲಿ ಬನ್ನಿ. ನಮಸ್ಕಾರ.